ಬೈಯಪ್ಪನ ಟೋಕನ್

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಟ್ರೈನು ಹತ್ತಿದ ಚೌಡಮ್ಮನಿಗೆ ಎದುರು ಸೀಟಿನ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬ ಬಿಳಿ ಅಂಗಿ ತೊಟ್ಟು, ಕೊರಳಿಗೆ ಜಪಮಾಲೆ ಹಾಕಿದ್ದ ಹಣ್ಣು ಹಣ್ಣು ಮುದುಕ. ಇನ್ನೊಬ್ಬನಿಗೆ ಮೂವತ್ತೂ ದಾಟಿರಲಿಲ್ಲ. ಮೈಯೆಲ್ಲ ಹಸಿ ಕೆಸರು.

“ನೆನ್ನೆ ಫಾದರ್ ಹತ್ರ ಪಾಪ ನಿವೇದನೆ ಮಾಡ್ದೆ ಕಣಪ್ಪ,” ಎಂದ ಮುದುಕ.

“ಏನಂದೆ ಆರೋಗ್ಯಾ?”

ಅಜ್ಜನ ವಯಸ್ಸಿನವನನ್ನು ಹೆಸರು ಹಿಡಿದು ಕರೆದನಲ್ಲ ಎಂದು ಚೌಡಮ್ಮನಿಗೆ ಇರುಸುಮುರುಸಾಯಿತು.

“ಚಿನ್ನದ ಮೈನ್ಸಿಂದ ಮೇಲೆ ಬಂದೋರು ಅವರವರ ಟೋಕನ್ ಅವರೇ ಬೋರ್ಡಿಗೆ ಆಕ್ಬೇಕಿತ್ತು. ಬೈಯಪ್ಪ ನನ್ನ ಬೆನ್ನಿಗೇ ಬತ್ತಾನೆ ಅಂತ ಅವನ್ದೂ ನಾನೇ ಆಕ್ಬಿಟ್ಟೆ. ಒಳಗೆ ಬಂಡೆ ಕುಸೀತು. ಟೋಕನ್ ಬೋರ್ಡಲ್ಲಿತ್ತಲ್ಲ, ಅವನು ಮೇಲೆ ಬಂದವ್ನೆ ಅಂತ ಯಾರೂ ಉಡುಕ್ಲಿಲ್ಲ. ಕೆಲ್ಸ ಓಯ್ತದೆ ಅಂತ ನಾನೂ ಬಾಯಿ ಬಿಡ್ಲಿಲ್ಲ. ಅಷ್ಟೂ ಏಳ್ಕೊಂಡೆ.”

“ಫಾದರ್ ಏನಂದ್ರು?”

“ದೇವ್ರು ಕ್ಷಮಿಸವ್ನೆ, ಸಮಾಧಾನವಾಗಿ ಓಗು ಅಂದ್ರು.”

“ಸಮಾಧಾನ ಆಯ್ತಾ?”

“ಇಲ್ಲ.”

“ದೇವ್ರನ್ನ ಕೇಳ್ದೆ, ಸರಿ. ನನ್ನ ಕೇಳ್ದ್ಯಾ?”

ಮುದುಕ ಕೈ ಜೋಡಿಸಿದ. “ತಪ್ಪಾಯ್ತು ಬೈಯಪ್ಪಾ. ಮನ್ನಿಸ್ಬಿಡು.”

“ಮೊದಲ್ನೇ ದಿನಾನೇ ಮನ್ನಿಸ್ದೆ ಕಣ್ಲಾ. ಬಂದೇ ಬತ್ತೀಯ ಅಂತ ಬಂಡೆ ಬಡೀತಾ ಕೂತಿದ್ದೆ. ಎರಡ್ನೇ ದಿನಾನೂ ಮನ್ನಿಸ್ದೆ.”

“ಆಮೇಲೆ?”

“ಮೂರ್ನೇ ದಿನ ಆಗ್ಲಿಲ್ಲ.”

ಕೋರಮಂಡಲ್ ಸ್ಟೇಷನ್ ಬಂತು. ಮುದುಕ ಎದ್ದ. ಇನ್ನೊಬ್ಬನೂ ಎದ್ದು ಅವನ ಭುಜದ ಮೇಲೆ ಕೈಯಿಟ್ಟು ಹಿಂದೆಯೇ ಇಳಿದ. ಚೌಡಮ್ಮ ಕಿಟಕಿಗೆ ಮುಖವಿಟ್ಟು ನೋಡಿದಳು. ಪ್ಲಾಟ್‌ಫಾರಂ ಮೇಲೆ ಮುದುಕನೊಬ್ಬನೇ ಹೋಗುತ್ತಿದ್ದ. ಬಿಳಿ ಅಂಗಿಯ ಭುಜದ ಮೇಲೆ ಐದು ಬೆರಳಿನ ಹಸಿ ಕೆಸರಿತ್ತು.