ಬೆಳಕು ಆರಿದ ಮೇಲೆ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ದರ್ಜಿಗೆ ಬಾಯಿ ತೆರೆಯಲಾಗುತ್ತಿರಲಿಲ್ಲ. ಕಿವಿಗೇನೂ ರಜೆ ಇರಲಿಲ್ಲ. ಪಕ್ಕದಲ್ಲಿ ಇಬ್ಬರು ಹೆಂಗಸರಿದ್ದರು. ಸಿಡಿದು ಬೆಳಗುವ ನಕ್ಷತ್ರಗಳ, ಅಂದರೆ ಸೂಪರ್‌ನೋವಾಗಳ, ಪಟ್ಟಿ ಮಾಡುವುದು ಅವರ ಕೆಲಸವೆಂದು ಅವನಿಗೆ ಬೇಗನೆ ತಿಳಿಯಿತು.

"ಇವತ್ತು ಪಟ್ಟಿ ಹೋಗ್ಬೇಕು. ಯಾಕೆ ಸಹಿ ಹಾಕಿಲ್ಲ?" ಎಂದಳು ಹಿರಿಯಾಕೆ.

"ಅಕ್ಕ, ನಕ್ಷತ್ರ ಯಾವ ಗ್ಯಾಲಕ್ಸಿದು ಅಂತ ನಾವು ಹೇಗೆ ಬರೀತೀವಿ?" ಎಂದಳು ಕಿರಿಯಾಕೆ.

"ಸಿಡಿಯೋಕೆ ಮುಂಚಿನ ಚಿತ್ರ ನೋಡಿ ಬರೀತೀವಿ. ಸಿಡಿದ ಮೇಲೆ ಆ ಬೆಳಕಲ್ಲಿ ಗ್ಯಾಲಕ್ಸಿ ಎಲ್ಲಿ ಕಾಣುತ್ತೆ? ಮೊದಲ ದಿನಾನೇ ಹೇಳ್ಕೊಟ್ಟಿದ್ದೀನಲ್ಲ."

"ಬೆಳಕು ಆರಿದ ಮೇಲೆ ಯಾರಾದ್ರೂ ತಿರುಗಿ ನೋಡಿದ್ದೀವಾ?"

"ಯಾಕೆ ನೋಡ್ಬೇಕು? ಗ್ಯಾಲಕ್ಸಿಗೇನು ಕಾಲು ಬಂದಿರುತ್ತಾ?"

"ನಾನು ನೋಡ್ದೆ. ಸುತ್ತಲಿನದೆಲ್ಲ ಇದೆ. ಅದೊಂದೇ ಇಲ್ಲ."

"ಕ್ಯಾಮೆರಾ ಕೆಟ್ಟಿರುತ್ತೆ ಕಣೇ."

"ಬೇರೆ ಕ್ಯಾಮೆರಾದ ಚಿತ್ರ ತರಿಸ್ದೆ. ಅದರಲ್ಲೂ ಇಲ್ಲ. ಇನ್ನೊಂದು ನಕ್ಷತ್ರದ್ದು ನೋಡ್ದೆ, ಅದರ ಗ್ಯಾಲಕ್ಸಿನೂ ಇಲ್ಲ."

"ಮೂರನೆಯದು?"

"ಧೈರ್ಯ ಬರ್ಲಿಲ್ಲ."

ಹಿರಿಯಾಕೆ ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಎಳೆದಳು, ಏನೂ ತೆಗೆಯದೆ ಮತ್ತೆ ಮುಚ್ಚಿದಳು.

"ಅಕ್ಕ, ದೂರದಿಂದ ಯಾರಾದ್ರೂ ನಮ್ಮನ್ನೂ ಹಳೇ ಚಿತ್ರ ನೋಡೇ ಬರ್ಕೊಂಡಿದ್ರೆ?"

"ಸಾಕು, ಸುಮ್ನಿರು." ಹಾಗೆಂದವಳೇ ಚೀಲ ಹೆಗಲಿಗೇರಿಸಿ ಎದ್ದಳು. "ಹಲ್ಲು ಆಮೇಲೆ ನೋಡ್ಕೊಂಡ್ರಾಯ್ತು. ನಡಿ, ಪಟ್ಟಿ ತಡೀಬೇಕು."

ನರ್ಸು ಹಿರಿಯಾಕೆಯ ಸರದಿ ಕೂಗುವಷ್ಟರಲ್ಲಿ ಇಬ್ಬರೂ ಮೆಟ್ಟಿಲಿಳಿದಿದ್ದರು. "ಹಾಗಾದ್ರೆ ನೀವೇ ಬನ್ನಿ" ಎಂದು ಅವಳು ದರ್ಜಿಯನ್ನು ಕರೆದಳು. ಅವನು ಒಂದು ನಿಮಿಷ ಎಂದು ಕೈಸನ್ನೆ ಮಾಡಿ, ಕಿಟಕಿಯ ಬಳಿ ಹೋಗಿ, ಬೀದಿ ಇದೆಯೇ ಎಂದು ನೋಡಿದ.