ದೇವರಾಯಸಮುದ್ರದ ಏರಿ, ಶ್ರೀನಿವಾಸಪುರದ ತೋಪು

ಇದು ನಮ್ಮ ಹಿಂದಿನ ಬೀದಿಯ ಸುನಂದಳಿಗೆ ಆದದ್ದು. ಹಳೇ ಕಾಲದ ಮಾತೇನಲ್ಲ, ಹೋದ ಮಾಗಿಯಲ್ಲಿ.

ರಾತ್ರಿ ಒಂಬತ್ತೂವರೆ ದಾಟಿತ್ತು. ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಅವಳೊಬ್ಬಳೇ ಬೈಕಿನಲ್ಲಿ ಮನೆಗೆ ಬರುತ್ತಿದ್ದಳು. ಬೈಕು ಗಂಡ ಶ್ರೀಧರನದು. ಆಲದ ಮರದ ಹತ್ತಿರ ಬರುವಷ್ಟರಲ್ಲಿ ಎಂಜಿನ್ನು ಒಮ್ಮೆ ಕೆಮ್ಮಿತು... ಬುಡ್ ಬುಡ್ ಅಂತು... ನಿಂತಿತು. ದೀಪವೂ ಹೋಯಿತು.

ಹೆದರಿಕೆಯಾಯಿತಾ ಅಂದರೆ, ಇಲ್ಲ. ಆಗಬೇಕಿತ್ತು. ಶ್ರೀಧರ್ ಹೋಗಿ ಎಂಟು ತಿಂಗಳು. ಬೈಕಿನಿಂದ ಬಿದ್ದಲ್ಲ, ಊಟ ಮಾಡಿ, ಕುರ್ಚಿಯಲ್ಲಿ ಕೂತು, ಎದೆ ಹಿಡಿದುಕೊಂಡು. ಅವತ್ತಿನಿಂದ ಸುನಂದಳಿಗೆ ಅಳುವೂ ಇಲ್ಲ, ಭಯವೂ ಇಲ್ಲ, ಹಸಿವೂ ಇಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ದವಡೆ ಇರುತ್ತಲ್ಲ, ಹಾಗೆ. ಇದೆ, ಆದರೆ ತನ್ನದಲ್ಲ.

ಅವತ್ತು ಅವಳು ಹೊರಟಿದ್ದು ಒಂದು ಹಳೇ ಪಂಚಾಯ್ತಿ ಮುಗಿಸುವುದಕ್ಕೆ. ಶ್ರೀಧರನಿಗೂ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ಗೆಳೆಯ ನಯೀಮ್‌ಗೂ ಹನ್ನೆರಡು ವರ್ಷದ ಜಗಳ: ಬೈಕ್ ಓಡಿಸುವುದಕ್ಕೆ ಯಾವ ಸೀಮೆ ಚೆಂದ? ಜನ ಊಟಿ, ಕೊಡಗು ಅಂತ ವಾದ ಮಾಡುತ್ತಾರೆ. ಇವರಿಬ್ಬರಿಗೆ ತಮ್ಮ ತಮ್ಮ ತಾಲೂಕಿನಿಂದ ಆಚೆ ಲೋಕವೇ ಇಲ್ಲ.

“ಲೇ ಶ್ರೀಧರ, ನಿಮ್ ಕೆರೇಲಿ ನೀರಿಗಿಂತ ಜಾಲಿ ಜಾಸ್ತಿ. ಅದನ್ನ ನೋಡೋಕೆ ಪೆಟ್ರೋಲ್ ಬೇರೆ ಸುಡಬೇಕಾ?”

“ನಿಮ್ದೇನ್ಲಾ, ಒಂದು ಮಾವಿನಮರ ನೋಡಿದ್ರೆ ಸಾವಿರ ನೋಡ್ದಂಗೆ. ನಮ್ ಏರಿ ಮೇಲೆ ಬಾ. ಒಂದ್ಕಡೆ ಬಂಡೆಬೆಟ್ಟ, ಒಂದ್ಕಡೆ ನೀರು.”

“ನೀರೆಲ್ಲಿ, ತೋರ್ಸು.”

ತೀರ್ಪು ಸುನಂದಳದು ಅಂತ ಇಬ್ಬರೂ ಒಪ್ಪಿದ್ದರು. ಡೈರಿಯಲ್ಲಿ ದಿನಕ್ಕೆರಡು ಹೊತ್ತು ಊರಿನವರ ಹಾಲಿನ ಫ್ಯಾಟು ನೋಡಿ, ಮುಖ ನೋಡದೆ ನಂಬರ್ ಹೇಳುವವಳು; ಅವಳಿಗಿಂತ ಜಡ್ಜು ಎಲ್ಲಿ ಸಿಗಬೇಕು. ಆದರೆ ಶ್ರೀನಿವಾಸಪುರದ ತೋಪಿನ ರಸ್ತೆಗೆ ಶ್ರೀಧರ್ ಅವಳನ್ನು ಕರೆದುಕೊಂಡು ಹೋಗಲೇ ಇಲ್ಲ. ಸೋಲುವ ಭಯ.

ಈಗ ನಯೀಮೇ ಫೋನ್ ಮಾಡಿದ್ದ. “ಭಾಬಿ, ಅವನಿಲ್ಲ ಅಂತ ನಾನೇ ಗೆದ್ದೆ ಅನ್ಕೊಳ್ಳೋಕಾಗಲ್ಲ. ನೀವು ಬಂದು ನೋಡಿ, ಹೇಳಿ. ಸೋತ್ರೂ ಪರ್ವಾಗಿಲ್ಲ.”

ಹೋದಳು. ಮುಂದೆ ನಯೀಮ್, ಅವನ ಹಿಂದೆ ಹೆಂಡತಿ ಸಬಾ. ಅವರ ಹಿಂದೆ ಶ್ರೀಧರನ ಬೈಕಿನಲ್ಲಿ ಇವಳು. ಮಾವು ಹೂ ಬಿಟ್ಟ ಕಾಲ. ತೋಪು ಮುಗಿದರೆ ತೋಪು. ಮರ ಇತ್ತು. ರಸ್ತೆ ಇತ್ತು. ಅಷ್ಟೇ.

“ಹೆಂಗಿದೆ ಭಾಬಿ?”

“ಚೆನ್ನಾಗಿದೆ.”

ಸಾವಿನ ಮನೆಯಲ್ಲಿ ಕಾಫಿ ಚೆನ್ನಾಗಿದೆ ಅಂದ ಹಾಗಿತ್ತು. ನಯೀಮ್ ಮುಖ ಸಣ್ಣದಾಯಿತು. ಬೆಳಿಗ್ಗೆ ತೀರ್ಪು ಹೇಳ್ತೀನಿ ಅಂದು, ಸಬಾ ಬಡಿಸಿದ್ದನ್ನು ಉಂಡು ಹೊರಟಾಗ ಕತ್ತಲು. ಏನು ಹೇಳುವುದು? ಎರಡು ರಸ್ತೆಯೂ ಅವಳಿಗೆ ಒಂದೇ. ಸುಳ್ಳು ನಂಬರ್ ಅವಳು ಇದುವರೆಗೆ ಬರೆದವಳಲ್ಲ.

ಮರದ ಕೆಳಗೆ ಕಾದ ಎಂಜಿನ್ನು ಆರುತ್ತಿತ್ತು... ಟಿಣ್... ಟಿಣ್. ಮೇಲೆ ಬಿಳಲು ಬಿಳಲಿಗೆ ಉಜ್ಜಿ ಕಿರ್‍ರ್ ಅನ್ನುತ್ತಿತ್ತು. ಕಿಕ್ ಹೊಡೆದಳು. ಧಸಕ್. ಇನ್ನೊಂದು. ಮೂರನೆಯದಕ್ಕೆ ಹತ್ತಿಕೊಂಡಿತು.

ಅವಳು ತಪ್ಪು ಮಾಡಿದ್ದು ಅಲ್ಲೇ. ಇಪ್ಪತ್ತು ವರ್ಷ ಅವಳು ಹಿಂದಿನ ಸೀಟಿನವಳು. ಕ್ಲಚ್ ಬಿಡುವ ಮುಂಚೆ ಶ್ರೀಧರ್ ಪ್ರತಿ ಸಲ “ಕೂತ್ಕೊಂಡ್ಯಾ?” ಅಂತ ಕೇಳಬೇಕು, ಇವಳು “ಹ್ಞೂಂ” ಅನ್ನಬೇಕು, ಆಮೇಲೆ ಗಾಡಿ ಕದಲಬೇಕು. ಅವನು ಹೋದ ಮೇಲೆ ತಾನೇ ಬೈಕ್ ಕಲಿತಾಗ ಕ್ಲಚ್ಚು, ಗೇರಿನ ಜೊತೆ ಆ ಮಾತೂ ಬಂದುಬಿಟ್ಟಿತ್ತು. ಬಾಯಿಗೆ ಬಂದಾಗಲೆಲ್ಲ ನುಂಗಿಕೊಳ್ಳುತ್ತಿದ್ದಳು. ರಾತ್ರಿ ಹೊತ್ತು ಆ ಮರದ ಕೆಳಗೆ ಯಾರನ್ನೂ ಮಾತಾಡಿಸಬಾರದು ಅಂತ ಊರಿಗೆಲ್ಲ ಗೊತ್ತು. ಅವಳಿಗೂ ಗೊತ್ತು.

ಕ್ಲಚ್ ಹಿಡಿದಳು. ಗೇರು ಹಾಕಿದಳು... ಟಕ್.

“ಕೂತ್ಕೊಂಡ್ಯಾ?”

ಹಿಂದಿನಿಂದ...

“ಹ್ಞೂಂ.”

ಶಾಕ್ ಅಬ್ಸಾರ್ಬರ್ ಕುಂಯ್ ಅಂತ ಕುಗ್ಗಿತು. ಹ್ಯಾಂಡಲ್ಲು ಹಗುರಾಯಿತು. ಒಂದಾಳು ಹತ್ತಿ ಕೂತರೆ ಆಗುವಷ್ಟು, ಹೆಚ್ಚಲ್ಲ, ಕಡಿಮೆಯಲ್ಲ. ದನಿ ಗಂಡಸಿನದೋ ಹೆಂಗಸಿನದೋ ತಿಳಿಯಲಿಲ್ಲ, ಅಷ್ಟು ಚಿಕ್ಕದು. ಸುನಂದ ತಿರುಗಿ ನೋಡಲಿಲ್ಲ. ಗಾಡಿ ಬಿಟ್ಟಳು.

ಸ್ವಲ್ಪ ದೂರ... ಕಿವಿಯ ಹತ್ತಿರ, ಉಸಿರು ತಾಗದ ಮಾತು.

“ಯಾವ್ದು ಚೆಂದ?”

“ಗೊತ್ತಿಲ್ಲ.”

“ನೋಡ್ಲಿಲ್ವಾ?”

“ನೋಡ್ದೆ... ಕಾಣ್ಸ್‌ಲಿಲ್ಲ.”

ಎಂಟು ತಿಂಗಳಲ್ಲಿ ಯಾರ ಮುಂದೆಯೂ ಆಡದ ಮಾತದು. ಏರಿಯ ಕಲ್ಲುಗಳು ಒಂದೊಂದೇ ಸರಿದವು. ಆಮೇಲೆ...

“ನಿಧಾನ. ಎಡಕ್ಕೆ ನೋಡು.”

ನೋಡಿದಳು. ಕೆರೆ. ಅರ್ಧ ನೀರು, ಉಳಿದದ್ದು ಜಾಲಿ. ಆ ಅರ್ಧದಲ್ಲೇ ಚಂದ್ರನಿದ್ದ. ಬಂಡೆಬೆಟ್ಟ ತಲೆಕೆಳಗಾಗಿ ನೀರಿಗಿಳಿದಿತ್ತು. ಎಲ್ಲೋ ಮೀನೊಂದು ಬುಳುಕ್ ಅಂತು. ಬೆಟ್ಟ ಒಡೆದು, ನಡುಗಿ, ಮತ್ತೆ ಕೂಡಿಕೊಂಡಿತು. ಸುನಂದಳಿಗೆ ಚಳಿಯಾಯಿತು. ಬೆರಳ ತುದಿ ನೋಯತೊಡಗಿತು. ತನ್ನ ಬೆರಳು ಅಂತ ಗೊತ್ತಾಗುವ ನೋವು.

ಮನೆಯಂಗಳದಲ್ಲಿ ಗಾಡಿ ನಿಲ್ಲಿಸಿದಳು. ಹಿಂದೆ ನೋಡದೆ ಒಳಗೆ ಹೋಗಿ ಮಲಗಿದಳು.

ಬೆಳಿಗ್ಗೆ ಐದೂವರೆಗೆ, ಡೈರಿಗೆ ಹೊರಡುವ ಮುಂಚೆ, ನಯೀಮ್‌ಗೆ ಫೋನ್ ಮಾಡಿದಳು.

“ಏರಿ,” ಅಂದಳು.

“ಅವನಿಗೋಸ್ಕರ ಹೇಳ್ತಿದೀರಾ ಭಾಬಿ?”

“ಇಲ್ಲ. ರಾತ್ರಿ ಕಣ್ಣಿಗೆ ಕಂಡಿದ್ದು ಅದೊಂದೇ.” ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು.

ನಯೀಮ್ ಪಿಸುಗುಟ್ಟಿದ. “ಅವನೇನಾ?”

“ನಿಮ್ ಫ್ರೆಂಡು ಹಿಂದಿನ ಸೀಟಲ್ಲಿ ಯಾವತ್ತು ಕೂತಿದ್ರು?”

“ಕೂರ್ತಿರ್ಲಿಲ್ಲ. ಸತ್ರೂ ಕೂರಲ್ಲ ಅಂತಿದ್ದ... ಮತ್ತೆ ಯಾರು?”

ಸುನಂದ ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಇಳಿದಿದ್ದಳು. ರಾತ್ರಿಯೆಲ್ಲ ಮಂಜು ಸುರಿದಿತ್ತು. ಪೆಟ್ರೋಲ್ ಟ್ಯಾಂಕು ತೊಯ್ದಿತ್ತು. ಹ್ಯಾಂಡಲ್ಲು, ಕನ್ನಡಿ, ಸೀಟಿನ ಮುಂದಿನ ಅರ್ಧ, ಎಲ್ಲದರ ಮೇಲೂ ಹನಿ. ಅತ್ತೆ ರಾಮಲಕ್ಷ್ಮಮ್ಮ ಹಾಲು ಕರೆಯುವ ಚೊಂಬು ಹಿಡಿದು ಬಂದವಳು ಸೊಸೆ ನಿಂತದ್ದು ನೋಡಿ ತಾನೂ ನಿಂತಳು. ಬಗ್ಗಿ ಸೀಟು ಮುಟ್ಟಿ ನೋಡಿದಳು. ಕೊಟ್ಟಿಗೆಗೆ ಹೋದಳು.

ರಾಮಲಕ್ಷ್ಮಮ್ಮ ಇಂಥದ್ದರಲ್ಲಿ ಸುಳ್ಳು ಹೇಳುವವಳಲ್ಲ, ಬೇಕಾದವರು ಹೋಗಿ ಕೇಳಬಹುದು. ಇದು ನಡೆದದ್ದು. ಸೀಟಿನ ಹಿಂದಿನ ಅರ್ಧ ಒಣಗಿತ್ತು. ಬೆಚ್ಚಗೂ ಇತ್ತು.