ನೋಡುವವರಿಲ್ಲದ ಕಣ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕಪ್ಪು ಕನ್ನಡಕದ ಹಿರಿಯರೊಬ್ಬರು, ತುಂಬು ಬಸುರಿ ಮಗಳ ಜೊತೆ ಬಂದು ಕೂತರು. ಅವರ ಇನ್ನೊಂದು ಕಣ್ಣೂ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದು ತೆರೆದ ಬಾಗಿಲಿನಿಂದ ನನಗೂ ಕೇಳಿಸಿತ್ತು.

“ಇಷ್ಟು ವರ್ಷ ಕಾಲೇಜಲ್ಲಿ ಫಿಸಿಕ್ಸ್ ಹೇಳ್ಕೊಟ್ಟೆ. ಯಾರಾದ್ರೂ ನೋಡೋವರೆಗೂ ಎಲೆಕ್ಟ್ರಾನಿನಂಥ ಕಣ ಎಲ್ಲಿದೆ ಅಂತ ನಿರ್ಧಾರವೇ ಆಗಿರಲ್ಲ ಅಂತಿದ್ದೆ. ಇನ್ನು ನಾನಂತೂ ನೋಡಲ್ಲ. ನಮ್ಮನೆ ಕುರ್ಚಿ ಮೇಜೆಲ್ಲ ಹಾಯಾಗಿ ಅಲೆದಾಡ್ಕೊಂಡಿರ್ತವೆ ಬಿಡು.”

“ತಮಾಷೆ ಸಾಕಪ್ಪ.”

“ಇನ್ನೊಂದು ವಾದಾನೂ ಇದೆ ಕಣೇ. ಆಗಬಹುದಾದದ್ದೆಲ್ಲ ಆಗುತ್ತೆ, ಒಂದೊಂದೂ ಬೇರೆ ಬೇರೆ ಜಗತ್ತಲ್ಲಿ. ಯಾವುದೋ ಒಂದರಲ್ಲಿ ನನ್ನ ಕಣ್ಣು ಚೆನ್ನಾಗೇ ಇದೆ.”

“ಅಲ್ಲಿಗೆ ಹೋಗೋಕಾಗುತ್ತಾ?”

“ಆಗಲ್ಲ. ನಾನೊಬ್ಬ ಇಲ್ಲಿದ್ದೀನಿ ಅಂತ ಆ ಪುಣ್ಯಾತ್ಮನಿಗೆ ಗೊತ್ತೂ ಆಗಲ್ಲ.”

“ಮತ್ತೆ ಅದರಿಂದ ನಮಗೇನು ಬಂತು?”

“ಏನೂ ಇಲ್ಲ. ಅವನು ನಿನ್ನ ಮಗೂನ ನೋಡ್ತಾನೆ, ಅಷ್ಟೇ.”

ಮಗಳು ಮೂಗೆಳೆದುಕೊಂಡಳು.

“ಅಳ್ತಿದ್ದೀಯೇನೇ?”

“ಇಲ್ಲಪ್ಪ.”

ಅವರು ಅವಳ ಕೆನ್ನೆ ಮುಟ್ಟಿ ನೋಡಲು ಕೈ ಚಾಚಿದರು. ಬೆರಳಿಗೆ ಒದ್ದೆ ತಗಲುವ ಮೊದಲೇ ಅವಳು ಆ ಕೈಯನ್ನು ಹಿಡಿದುಕೊಂಡಳು.

“ಏಳಪ್ಪ, ಹೋಗೋಣ. ಮುಂದೆ ಮೆಟ್ಟಿಲಿದೆ, ನಿಧಾನ” ಎನ್ನುತ್ತಾ ಅವರನ್ನು ನಡೆಸಿಕೊಂಡು ಹೋದಳು.